ಭಾರತ–ಅಮೆರಿಕ ಪರಮಾಣು ಸಹಕಾರ ಒಪ್ಪಂದದ ಕಾನೂನು ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

2008ರ ಅಕ್ಟೋಬರ್ 10ರಂದು ವಾಷಿಂಗ್ಟನ್‌ನಲ್ಲಿ ಭಾರತದ ಪರವಾಗಿ ಪ್ರಣವ್ ಮುಖರ್ಜಿ, ಅಮೆರಿಕದ ಪರವಾಗಿ ಕಾಂಡೊಲೀಜಾ ರೈಸ್ ಸಹಿ ಹಾಕಿದ ನಾಗರಿಕ ಪರಮಾಣು ಸಹಕಾರ ಒಪ್ಪಂದದ ಬಗ್ಗೆ ಆಗ ನಮ್ಮಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ರಾಜಕೀಯದ್ದಾಗಿತ್ತು. ಅದು ದೇಶಕ್ಕೆ ಹಿತವೋ ಅಹಿತವೋ ಎಂಬ ಗದ್ದಲದಲ್ಲಿ, ಒಪ್ಪಂದದ 17 ವಿಧಿಗಳು ಯಾರನ್ನು ಯಾವುದಕ್ಕೆ ಕಟ್ಟಿಹಾಕುತ್ತವೆ, ಯಾವುದನ್ನು ಬರಿಯ ಆಶಯವಾಗಿ ಬಿಡುತ್ತವೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ಇಲ್ಲಿನ ಉತ್ತರಗಳು ಆ ಪ್ರಶ್ನೆಗೆ ಸೀಮಿತ. ಕನ್ನಡದ ಕಾಯ್ದೆ ಪುಸ್ತಕಗಳಲ್ಲಿ ‘ಮಾಡತಕ್ಕದ್ದು’ ಎಂದರೆ ಕಡ್ಡಾಯ, ‘ಮಾಡಬಹುದು’ ಎಂದರೆ ಐಚ್ಛಿಕ. ಈ ಒಪ್ಪಂದದ ಕುರಿತ ವಿವಾದಗಳಲ್ಲಿ ಹಲವು ಅಂಥ ಕ್ರಿಯಾಪದದಲ್ಲೇ ತೀರ್ಮಾನವಾಗುತ್ತವೆ.

ಇದನ್ನು ‘123 ಒಪ್ಪಂದ’ ಎಂದು ಕರೆಯುವುದೇಕೆ?

ಹೆಸರು ಬಂದಿರುವುದು ಅಮೆರಿಕದ 1954ರ ಅಣುಶಕ್ತಿ ಕಾಯ್ದೆಯ 123ನೇ ಕಲಮಿನಿಂದ. ಆ ದೇಶವು ಬೇರೊಂದು ದೇಶಕ್ಕೆ ಗಣನೀಯ ಪ್ರಮಾಣದಲ್ಲಿ ಪರಮಾಣು ಇಂಧನವನ್ನೋ ರಿಯಾಕ್ಟರನ್ನೋ ಕೊಡುವ ಮೊದಲು ಆ ಕಲಮಿನ ಪ್ರಕಾರ ಒಪ್ಪಂದ ಮಾಡಿಕೊಳ್ಳಲೇಬೇಕು. 1978ರಲ್ಲಿ ಕಾಯ್ದೆಗೆ ಬಂದ ತಿದ್ದುಪಡಿಯು, ಅಣ್ವಸ್ತ್ರರಹಿತವೆಂದು ಪರಿಗಣಿಸಲಾದ ದೇಶವು ತನ್ನ ಎಲ್ಲ ಪರಮಾಣು ಸ್ಥಾವರಗಳನ್ನೂ ಅಂತಾರಾಷ್ಟ್ರೀಯ ನಿಗಾಕ್ಕೆ ಒಳಪಡಿಸಿರಬೇಕೆಂಬ ಷರತ್ತನ್ನು ಸೇರಿಸಿತು. ಈ ತಿದ್ದುಪಡಿಗೆ ಮುಖ್ಯ ಪ್ರೇರಣೆ ಭಾರತವೇ, ಅಂದರೆ 1974ರ ಮೇ 18ರ ಪೋಖರಣ್ ಸ್ಫೋಟ. ಭಾರತ ಆ ಷರತ್ತನ್ನು ಪೂರೈಸುವಂತಿರಲಿಲ್ಲ. ಪೂರೈಸಲು ಸಿದ್ಧವೂ ಇರಲಿಲ್ಲ. ಅದರಿಂದ ಭಾರತಕ್ಕೆ ವಿನಾಯಿತಿ ಕೊಡಲೆಂದೇ ಅಮೆರಿಕದ ಕಾಂಗ್ರೆಸ್ 2006ರ ಡಿಸೆಂಬರಿನಲ್ಲಿ ಹೈಡ್ ಕಾಯ್ದೆಯನ್ನು ಮಾಡಿತು.

ಇದರ ಶೀರ್ಷಿಕೆಯಲ್ಲಿ ‘ಟ್ರೀಟಿ’ ಎಂಬ ಪದವಿಲ್ಲ, ‘ಅಗ್ರಿಮೆಂಟ್’ ಎಂದಿದೆ. ಅಂದರೆ ಇದರ ಕಾನೂನು ಬಲ ಕಡಿಮೆಯೇ?

ಅಂತಾರಾಷ್ಟ್ರೀಯ ಕಾನೂನಿನ ಮಟ್ಟಿಗೆ ಕಡಿಮೆಯಲ್ಲ. ಒಡಂಬಡಿಕೆಗಳ ಕಾನೂನಿಗೆ ಸಂಬಂಧಿಸಿದ 1969ರ ವಿಯೆನ್ನಾ ಸಮಾವೇಶದ ಪ್ರಕಾರ, ರಾಷ್ಟ್ರಗಳ ನಡುವೆ ಲಿಖಿತವಾಗಿ ಆಗಿರುವ ಮತ್ತು ಅಂತಾರಾಷ್ಟ್ರೀಯ ಕಾನೂನಿಗೆ ಒಳಪಟ್ಟಿರುವ ಯಾವುದೇ ಒಪ್ಪಂದವೂ, ಅದಕ್ಕೆ ಯಾವ ಹೆಸರಿಟ್ಟಿದ್ದರೂ, ಒಡಂಬಡಿಕೆಯೇ ಆಗುತ್ತದೆ. ಈ ಒಪ್ಪಂದದ 16ನೇ ವಿಧಿಯೇ ಅದನ್ನು ಸದ್ಭಾವನೆಯಿಂದ, ಅಂತಾರಾಷ್ಟ್ರೀಯ ಕಾನೂನಿನ ತತ್ವಗಳಿಗೆ ಅನುಸಾರವಾಗಿ ಜಾರಿಗೊಳಿಸತಕ್ಕದ್ದು ಎನ್ನುತ್ತದೆ.

ಹೆಸರಿನ ವ್ಯತ್ಯಾಸಕ್ಕೆ ಬೆಲೆ ಇರುವುದು ಅಮೆರಿಕದ ಒಳಗಿನ ಕಾನೂನಿನಲ್ಲಿ. ಅಲ್ಲಿನ ಸಂವಿಧಾನದ ಅರ್ಥದಲ್ಲಿ ‘ಟ್ರೀಟಿ’ ಎಂದಾದರೆ ಸೆನೆಟ್‌ನ ಮೂರನೇ ಎರಡು ಬಹುಮತ ಬೇಕು. ಇದು ಹಾಗೆ ಹೋಗದೆ ಎರಡೂ ಸದನಗಳು ಸಾಮಾನ್ಯ ಶಾಸನದ ಮೂಲಕ ಅನುಮೋದಿಸಿದ ಒಪ್ಪಂದ. ಸೆನೆಟ್‌ನಲ್ಲಿ ಪರವಾಗಿ 86, ವಿರುದ್ಧವಾಗಿ 13 ಮತಗಳು ಬಿದ್ದವು. ಮೂರನೇ ಎರಡರ ಲೆಕ್ಕ ಹಾಕಿದ್ದರೂ ಗೆಲ್ಲುತ್ತಿತ್ತು.

ಎರಡೂ ದೇಶಗಳು ವಿಯೆನ್ನಾ ಸಮಾವೇಶಕ್ಕೆ ಸೇರಿಲ್ಲವಲ್ಲ, ಹಾಗಿದ್ದರೆ ಅದರ ನಿಯಮಗಳು ಹೇಗೆ ಅನ್ವಯಿಸುತ್ತವೆ?

ನಿಜ, ಭಾರತ ಅದರ ಸದಸ್ಯ ರಾಷ್ಟ್ರವಲ್ಲ. ಅಮೆರಿಕ 1970ರಲ್ಲಿ ಸಹಿ ಹಾಕಿದರೂ ಅನುಸಮರ್ಥನೆ ಮಾಡಿಲ್ಲ. ಆದರೆ ಅದರ ಮುಖ್ಯ ನಿಯಮಗಳು, ಅಂದರೆ ಒಪ್ಪಿಕೊಂಡದ್ದನ್ನು ಪಾಲಿಸಬೇಕು, ಪಾಲಿಸದಿರಲು ದೇಶದೊಳಗಿನ ಕಾನೂನನ್ನು ನೆಪ ಮಾಡಿಕೊಳ್ಳಬಾರದು, ಪದಗಳನ್ನು ಅವುಗಳ ಸಂದರ್ಭ ಮತ್ತು ಉದ್ದೇಶದ ಬೆಳಕಿನಲ್ಲಿ ಸಹಜಾರ್ಥದಲ್ಲಿ ಓದಬೇಕು ಎಂಬಂಥವು, ರಾಷ್ಟ್ರಗಳ ರೂಢಿಯಿಂದ ಬಂದ ಕಾನೂನೆಂದು ಮನ್ನಣೆ ಪಡೆದಿವೆ. ರೂಢಿಯ ಕಾನೂನು ಸಹಿಗಾಗಿ ಕಾಯುವುದಿಲ್ಲ.

ಒಪ್ಪಂದ ಕಾನೂನುಬದ್ಧವಾಗಿ ಜಾರಿಗೆ ಬಂದದ್ದು ಯಾವಾಗ?

2008ರ ಡಿಸೆಂಬರ್ 6ರಂದು. ಪಠ್ಯ ಅಂತಿಮವಾದದ್ದು 2007ರ ಜುಲೈನಲ್ಲಿ. ಎರಡೂ ಕಡೆಯವರು ತಮ್ಮ ತಮ್ಮ ಆಂತರಿಕ ವಿಧಿವಿಧಾನ ಮುಗಿದಿದೆ ಎಂದು ರಾಜತಾಂತ್ರಿಕ ಪತ್ರಗಳನ್ನು ವಿನಿಮಯ ಮಾಡಿಕೊಂಡ ದಿನವೇ ಜಾರಿಯ ದಿನ ಎಂದು ಅದರಲ್ಲೇ ಬರೆದುಕೊಳ್ಳಲಾಗಿತ್ತು. ಹಾಗಾಗಿ ಪತ್ರಿಕೆಗಳಲ್ಲಿ ಫೋಟೋ ಬಂದ ಸಹಿಯ ದಿನವೂ ಕಾನೂನಿನ ದಿನವೂ ಬೇರೆ ಬೇರೆ.

ಭಾರತದ ಸಂಸತ್ತು ಇದನ್ನು ಅನುಮೋದಿಸಿತೇ? 2008ರ ಜುಲೈ 22ರ ಮತದಾನ ಅದಕ್ಕಾಗಿಯೇ ಅಲ್ಲವೇ?

ಅಲ್ಲ. ಅಂದು ಲೋಕಸಭೆಯಲ್ಲಿ 275–256 ಮತಗಳಿಂದ ಗೆದ್ದದ್ದು ಮನಮೋಹನ್ ಸಿಂಗ್ ಸರ್ಕಾರದ ವಿಶ್ವಾಸಮತ. ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡದ್ದು ಒಪ್ಪಂದದ ಕಾರಣಕ್ಕೇ ಆದ್ದರಿಂದ ಜನರ ಮನಸ್ಸಿನಲ್ಲಿ ಎರಡೂ ಒಂದಾಗಿ ಬೆರೆತಿವೆ. ಕಾನೂನಿನಲ್ಲಿ ಅಂದು ಮತಕ್ಕೆ ಬಿದ್ದದ್ದು ಸರ್ಕಾರ, ಒಪ್ಪಂದವಲ್ಲ.

ನಮ್ಮ ಸಂವಿಧಾನದಲ್ಲಿ ಒಡಂಬಡಿಕೆ ಮಾಡಿಕೊಳ್ಳುವುದು ಕೇಂದ್ರಪಟ್ಟಿಯ 14ನೇ ಬಾಬಿಗೆ ಸೇರಿದ ವಿಷಯ. ಸಂಸತ್ತು ಬೇರೆ ಕಾನೂನು ಮಾಡದಿರುವ ತನಕ 73ನೇ ವಿಧಿಯಡಿ ಕೇಂದ್ರ ಸರ್ಕಾರವೇ ಆ ಅಧಿಕಾರವನ್ನು ಚಲಾಯಿಸುತ್ತದೆ. ಒಡಂಬಡಿಕೆಯನ್ನು ಜಾರಿಗೊಳಿಸಲು ಕಾನೂನು ಮಾಡುವ ಅಧಿಕಾರವನ್ನು 253ನೇ ವಿಧಿ ಸಂಸತ್ತಿಗೆ ಕೊಡುತ್ತದೆಯೇ ಹೊರತು, ಪ್ರತಿಯೊಂದು ಒಡಂಬಡಿಕೆಗೂ ಮೊದಲು ಸಂಸತ್ತಿನ ಒಪ್ಪಿಗೆ ಬೇಕೆಂದು ಎಲ್ಲೂ ಹೇಳುವುದಿಲ್ಲ. ಕಛ್ ಗಡಿ ತೀರ್ಪಿಗೆ ಸಂಬಂಧಿಸಿದ 1969ರ ಮಗನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು: ಒಡಂಬಡಿಕೆಯು ನಾಗರಿಕರ ಹಕ್ಕನ್ನು ಮೊಟಕುಗೊಳಿಸಿದರೆ ಅಥವಾ ದೇಶದ ಕಾನೂನನ್ನು ಬದಲಿಸಿದರೆ ಮಾತ್ರ ಶಾಸನ ಬೇಕು. 123 ಒಪ್ಪಂದ ಅವೆರಡನ್ನೂ ಮಾಡುವುದಿಲ್ಲ. ಇಷ್ಟು ದೊಡ್ಡ ವಿಷಯವನ್ನು ಅಮೆರಿಕದ ಎರಡೂ ಸದನಗಳು ಮತಕ್ಕೆ ಹಾಕಿದಾಗ ನಮ್ಮ ಸಂಸತ್ತಿಗೆ ಚರ್ಚೆ ಮಾತ್ರ ದಕ್ಕಿದ್ದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ಸಂವಿಧಾನ ಹೇಗಿರಬೇಕು ಎಂಬ ಪ್ರಶ್ನೆ, ಹೇಗಿದೆ ಎಂಬುದಲ್ಲ.

ಒಪ್ಪಂದದಿಂದಾಗಿ ಭಾರತ ಅಮೆರಿಕದ ರಿಯಾಕ್ಟರುಗಳನ್ನು ಕೊಳ್ಳಲೇಬೇಕೇ?

ಇಲ್ಲ. ಜಮೀನಿನ ವ್ಯವಹಾರದಲ್ಲಿ ಕ್ರಯಪತ್ರ ಬೇರೆ, ಕ್ರಯದ ಕರಾರು ಬೇರೆ ಎಂಬುದು ನಮ್ಮ ಓದುಗರಿಗೆ ಗೊತ್ತು. ಈ ಒಪ್ಪಂದ ಎರಡೂ ಅಲ್ಲ. ವ್ಯವಹಾರಕ್ಕೆ ಇದ್ದ ಕಾನೂನಿನ ಅಡ್ಡಿಯನ್ನು ತೆಗೆದು, ಮುಂದೆ ವ್ಯವಹಾರ ನಡೆದರೆ ಯಾವ ನಿಯಮಕ್ಕೆ ಒಳಪಟ್ಟು ನಡೆಯಬೇಕೆಂದು ಹೇಳುವ ಚೌಕಟ್ಟು ಅಷ್ಟೇ. ಯಾರು, ಎಷ್ಟು, ಯಾವ ಬೆಲೆಗೆ ಎಂಬುದು ಕಂಪನಿಗಳ ನಡುವಿನ ವಾಣಿಜ್ಯ ಕರಾರಿನ ವಿಷಯ. ಅದರ ಮೇಲೆ ಎರಡೂ ದೇಶಗಳ ಪರವಾನಗಿಗಳು ಬೇರೆ.

2008ರ ಸೆಪ್ಟೆಂಬರಿನಲ್ಲಿ ಭಾರತ ಕನಿಷ್ಠ 10,000 ಮೆಗಾವಾಟ್ ಸಾಮರ್ಥ್ಯದ ಅಮೆರಿಕನ್ ರಿಯಾಕ್ಟರುಗಳನ್ನು ಕೊಳ್ಳುವ ಇಂಗಿತವನ್ನು ಪತ್ರ ಮುಖೇನ ತಿಳಿಸಿತ್ತು. ಅದು ಒಪ್ಪಂದದ ಭಾಗವಲ್ಲ, ಇಂಗಿತ ಪತ್ರ. ಆಂಧ್ರಪ್ರದೇಶದ ಕೊವ್ವಾಡದಲ್ಲಿ ಆರು ರಿಯಾಕ್ಟರುಗಳ ಮಾತು ಎಷ್ಟು ವರ್ಷಗಳಿಂದ ನಡೆದಿದೆ ಎಂಬುದನ್ನು ನೋಡಿದರೆ, ಚೌಕಟ್ಟು ಇದ್ದಮಾತ್ರಕ್ಕೆ ಚಿತ್ರ ಮೂಡುವುದಿಲ್ಲ ಎಂಬುದು ತಿಳಿಯುತ್ತದೆ.

ಇಂಧನ ಪೂರೈಕೆಯ ಭರವಸೆ ಅಮೆರಿಕವನ್ನು ಕಾನೂನುಬದ್ಧವಾಗಿ ಕಟ್ಟಿಹಾಕುತ್ತದೆಯೇ?

ಇಡೀ ಒಪ್ಪಂದದಲ್ಲಿ ಅತಿ ಹೆಚ್ಚು ಹಗ್ಗಜಗ್ಗಾಟ ನಡೆದಿರುವುದು ಇಲ್ಲಿ. ಅದಕ್ಕೆ ಕಾರಣ ತಾರಾಪುರ. 1963ರ ಒಪ್ಪಂದದಡಿ ತಾರಾಪುರದ ಮೊದಲ ಎರಡು ಘಟಕಗಳಿಗೆ ಸಂವರ್ಧಿತ ಯುರೇನಿಯಂ ಒದಗಿಸಲು ಅಮೆರಿಕ ಒಪ್ಪಿತ್ತು. 1974ರ ಸ್ಫೋಟದ ನಂತರ, ವಿಶೇಷವಾಗಿ 1978ರ ತಿದ್ದುಪಡಿಯ ನಂತರ, ತನ್ನ ಕಾನೂನು ಅಡ್ಡಬರುತ್ತದೆಂದು ಪೂರೈಕೆಯನ್ನು ನಿಲ್ಲಿಸಿತು. 1980ರ ದಶಕದಲ್ಲಿ ಫ್ರಾನ್ಸ್ ಮೊರೆಹೋಗಬೇಕಾಯಿತು. ಅಂದರೆ ಹಿಂದೆ ಆಗಿದ್ದ ಒಪ್ಪಂದವನ್ನು ಆಮೇಲೆ ಬಂದ ದೇಶೀಯ ಕಾನೂನು ನುಂಗಿತ್ತು. 2007ರಲ್ಲಿ ಮಾತುಕತೆಗೆ ಕುಳಿತ ಭಾರತದ ಅಧಿಕಾರಿಗಳು ಅದೇ ಕಥೆ ಮರುಕಳಿಸದಂತೆ 5ನೇ ವಿಧಿಯ 6ನೇ ಉಪವಿಧಿಯಲ್ಲಿ ಭರವಸೆಗಳನ್ನು ಬರೆಸಿಕೊಂಡರು.

ಈಗ ಆ ಉಪವಿಧಿಯ ಕ್ರಿಯಾಪದಗಳನ್ನು ನೋಡಬೇಕು. ವಿಶ್ವಾಸಾರ್ಹ ಪೂರೈಕೆಯ ಬದ್ಧತೆಯನ್ನು ಅಮೆರಿಕ ‘ತಿಳಿಸಿದೆ’. ಹೆಚ್ಚಿನ ಕ್ರಮಗಳಿಗೆ ‘ಸಿದ್ಧವಿದೆ’. ಭಾರತವು ಇಂಧನದ ವ್ಯೂಹಾತ್ಮಕ ದಾಸ್ತಾನು ಬೆಳೆಸಿಕೊಳ್ಳುವುದನ್ನು ‘ಬೆಂಬಲಿಸಲಿದೆ’. ಅಡಚಣೆಯಾದರೆ ರಷ್ಯಾ, ಫ್ರಾನ್ಸ್, ಬ್ರಿಟನ್ ಸೇರಿದ ಸ್ನೇಹಿತ ಪೂರೈಕೆದಾರರ ಸಭೆಯನ್ನು ಭಾರತದೊಡನೆ ‘ಕರೆಯಲಿದೆ’. ‘ಪೂರೈಸತಕ್ಕದ್ದು’ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ಒಪ್ಪಂದವನ್ನು 2008ರ ಸೆಪ್ಟೆಂಬರ್ 10ರಂದು ಕಾಂಗ್ರೆಸ್‌ಗೆ ಕಳಿಸುವಾಗ ಅಧ್ಯಕ್ಷ ಬುಷ್ ಇದನ್ನೇ ಎತ್ತಿ ಹೇಳಿದರು: ಇವು ರಾಜಕೀಯ ಬದ್ಧತೆಗಳು, ಒಪ್ಪಂದದಲ್ಲಿ ದಾಖಲಾದ ಮಾತ್ರಕ್ಕೆ ಕಾನೂನಿನ ಬದ್ಧತೆಗಳಾಗಿ ಮಾರ್ಪಡುವುದಿಲ್ಲ. ದೆಹಲಿಯಲ್ಲಿ ಈ ಮಾತು ಕಸಿವಿಸಿ ಉಂಟುಮಾಡಿತು. ಭಾರತ ಸರ್ಕಾರದ ನಿಲುವು, ತನ್ನನ್ನು ಬಂಧಿಸುವುದು ಒಪ್ಪಂದದ ಪಠ್ಯವೇ ಹೊರತು ಆ ದೇಶದ ಒಳಗಿನ ಪತ್ರವ್ಯವಹಾರವಲ್ಲ ಎಂಬುದಾಗಿತ್ತು. ಅನುಮೋದನೆಯ ಶಾಸನಕ್ಕೆ ಅಕ್ಟೋಬರ್ 8ರಂದು ಸಹಿ ಹಾಕುವಾಗ ಬುಷ್, ಶಾಸನವು ತಾವು ಮಂಡಿಸಿದ ಒಪ್ಪಂದದ ನಿಬಂಧನೆಗಳನ್ನಾಗಲೀ ಇಂಧನದ ಭರವಸೆಗಳನ್ನಾಗಲೀ ಬದಲಿಸುವುದಿಲ್ಲ ಎಂದು ಸಮಾಧಾನ ಹೇಳಿದರು. ಆದರೆ ಆ ಭರವಸೆಗಳು ರಾಜಕೀಯದ್ದೆಂದು ಮೊದಲೇ ಹೇಳಿಯಾಗಿತ್ತು.

ಈ ಲೇಖಕನ ಓದಿನಲ್ಲಿ, ಉಪವಿಧಿಯನ್ನು ಪೂರ್ತಿ ಶೂನ್ಯವೆನ್ನುವುದೂ ತಪ್ಪು, ಪೂರೈಕೆಯ ಕರಾರು ಎನ್ನುವುದೂ ತಪ್ಪು. ಒಡಂಬಡಿಕೆಯ ಮೈಯೊಳಗೆ ಬರೆದ ಮಾತಿಗೆ ಸದ್ಭಾವನೆಯ ಕರ್ತವ್ಯ ಅಂಟಿಕೊಂಡಿರುತ್ತದೆ: ಸ್ನೇಹಿತ ರಾಷ್ಟ್ರಗಳ ಸಭೆ ಕರೆಯಲು ಅಮೆರಿಕ ಕಾರಣವಿಲ್ಲದೆ ನಿರಾಕರಿಸಿದರೆ ಅದು ತಕರಾರಿಗೆ ಅರ್ಹವಾದ ವರ್ತನೆ. ಆದರೆ ಒಂದು ಕಂಪನಿ ಯುರೇನಿಯಂ ಕಳಿಸಲಿಲ್ಲವೆಂದು ಅಮೆರಿಕ ಸರ್ಕಾರವೇ ಒಪ್ಪಂದ ಮುರಿದಿದೆ ಎಂದು ಸಾಧಿಸುವುದು ಈ ಕ್ರಿಯಾಪದಗಳಿಂದ ಸಾಧ್ಯವಾಗದು.

ಹೈಡ್ ಕಾಯ್ದೆ ಭಾರತಕ್ಕೂ ಅನ್ವಯಿಸುತ್ತದೆಯೇ?

ಇಲ್ಲ. ಒಂದು ದೇಶದ ಶಾಸನ ಇನ್ನೊಂದು ಸಾರ್ವಭೌಮ ದೇಶವನ್ನು ಬಂಧಿಸದು. ಆದರೆ ಅದು ಅಮೆರಿಕದ ಅಧ್ಯಕ್ಷರನ್ನು ಬಂಧಿಸುತ್ತದೆ, ಅಮೆರಿಕದ ರಫ್ತು ಪರವಾನಗಿ ಕೊಡುವ ಅಧಿಕಾರಿಯನ್ನು ಬಂಧಿಸುತ್ತದೆ. ಆ ಮೂಲಕ ಅದರ ಪರಿಣಾಮ ನಮ್ಮ ಬಾಗಿಲಿಗೆ ಬಂದು ಮುಟ್ಟುತ್ತದೆ. ಹೈಡ್ ಕಾಯ್ದೆಯಲ್ಲಿ ಭಾರತದ ವಿದೇಶಾಂಗ ನೀತಿಯ ಕುರಿತು ಅಮೆರಿಕದ ಅಪೇಕ್ಷೆಗಳನ್ನು ಹೇಳುವ ಭಾಗವೂ ಇದೆ. ಸಹಿ ಹಾಕುವಾಗಲೇ ಬುಷ್ 103ನೇ ಕಲಮಿನ ನೀತಿ ಹೇಳಿಕೆಗಳನ್ನು ಸಲಹೆಯೆಂದಷ್ಟೇ ಪರಿಗಣಿಸುವುದಾಗಿ ತಿಳಿಸಿದ್ದರು.

ತೊಡಕು ಇರುವುದು ಬೇರೆಡೆ. ಒಪ್ಪಂದದ 2ನೇ ವಿಧಿಯ ಪ್ರಕಾರ ಪ್ರತಿಯೊಂದು ಪಕ್ಷವೂ ತನಗೆ ಅನ್ವಯಿಸುವ ಒಡಂಬಡಿಕೆಗಳು, ರಾಷ್ಟ್ರೀಯ ಕಾನೂನು, ನಿಯಮ ಮತ್ತು ಪರವಾನಗಿ ಷರತ್ತುಗಳಿಗೆ ಅನುಸಾರವಾಗಿ ಅದನ್ನು ಜಾರಿಗೊಳಿಸಬೇಕು. ‘ದೇಶದೊಳಗಿನ ಕಾನೂನನ್ನು ನೆಪ ಮಾಡಬಾರದು’ ಎಂಬ ಸಾಮಾನ್ಯ ನಿಯಮಕ್ಕೂ ‘ದೇಶದ ಕಾನೂನಿಗೆ ಅನುಸಾರವಾಗಿ’ ಎಂಬ ಈ ವಿಶೇಷ ಮಾತಿಗೂ ನಡುವೆ ಜಾಗ ಬಹಳ ಕಿರಿದು. 2008ರ ಅನುಮೋದನಾ ಶಾಸನವು ಒಪ್ಪಂದದ ಯಾವ ಅಂಶವೂ ಹೈಡ್ ಕಾಯ್ದೆಯನ್ನೋ ಅಣುಶಕ್ತಿ ಕಾಯ್ದೆಯನ್ನೋ ಮೀರುವಂತಿಲ್ಲವೆಂದು ಹೇಳಿ ಆ ಜಾಗವನ್ನು ಮತ್ತಷ್ಟು ಕಿರಿದಾಗಿಸಿತು.

ಭಾರತ ಮತ್ತೆ ಅಣ್ವಸ್ತ್ರ ಪರೀಕ್ಷೆ ನಡೆಸಿದರೆ ಒಪ್ಪಂದದ ಗತಿ ಏನು?

ಒಪ್ಪಂದದಲ್ಲಿ ಅಣ್ವಸ್ತ್ರ ಪರೀಕ್ಷೆಯ ಹೆಸರನ್ನೇ ಎತ್ತಿಲ್ಲ. ಈ ಮೌನ ಆಕಸ್ಮಿಕವಲ್ಲ. ಭಾರತ ಪರೀಕ್ಷೆ ನಡೆಸುವುದಿಲ್ಲವೆಂಬ ಕಾನೂನುಬದ್ಧ ಮಾತು ಕೊಡಲು ಒಪ್ಪಲಿಲ್ಲ. ಪರೀಕ್ಷೆ ನಡೆಸಿದರೂ ಸಹಕಾರ ಮುಂದುವರಿಸುತ್ತೇನೆಂದು ಅಮೆರಿಕ ಬರೆದುಕೊಡುವಂತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಹಕ್ಕನ್ನು ಉಳಿಸಿಕೊಂಡು ಸುಮ್ಮನಾದರು. 2007ರ ಆಗಸ್ಟಿನಲ್ಲಿ ಪ್ರಧಾನಿ ಸಂಸತ್ತಿಗೆ ಹೇಳಿದ್ದೂ ಇದನ್ನೇ: ರಾಷ್ಟ್ರಹಿತಕ್ಕೆ ಅಗತ್ಯವಾದರೆ ಪರೀಕ್ಷೆ ನಡೆಸುವ ಹಕ್ಕಿಗೆ ಒಪ್ಪಂದ ಅಡ್ಡಬರುವುದಿಲ್ಲ.

ಹಕ್ಕು ಉಳಿಯುವುದು ಬೇರೆ, ಪರಿಣಾಮ ಇಲ್ಲದಿರುವುದು ಬೇರೆ. ಅಮೆರಿಕದ ಅಣುಶಕ್ತಿ ಕಾಯ್ದೆಯ 129ನೇ ಕಲಮು ಮತ್ತು ಹೈಡ್ ಕಾಯ್ದೆಯ 106ನೇ ಕಲಮುಗಳ ಪ್ರಕಾರ, ಭಾರತ ಸ್ಫೋಟ ನಡೆಸಿದೆಯೆಂದು ಅಧ್ಯಕ್ಷರು ತೀರ್ಮಾನಿಸಿದರೆ ಭಾರತಕ್ಕೆ ಕೊಟ್ಟ ವಿನಾಯಿತಿಯೇ ಬಿದ್ದುಹೋಗುತ್ತದೆ. ಅದಕ್ಕೆ ಎದುರಾಗಿ ಭಾರತ 14ನೇ ವಿಧಿಯಲ್ಲಿ ಪಡೆದುಕೊಂಡದ್ದು ಒಂದು ಸೂಕ್ಷ್ಮ ವಾಕ್ಯ: ಒಪ್ಪಂದ ಮುಗಿಸುವ ಪರಿಸ್ಥಿತಿ ಹುಟ್ಟಿದ್ದು ಬದಲಾದ ಭದ್ರತಾ ಸನ್ನಿವೇಶದ ಗಂಭೀರ ಕಳವಳದಿಂದಲೋ, ಅಥವಾ ರಾಷ್ಟ್ರೀಯ ಭದ್ರತೆಗೆ ಧಕ್ಕೆ ತರಬಲ್ಲ ಬೇರೆ ದೇಶಗಳ ಅಂಥದೇ ಕೃತ್ಯಕ್ಕೆ ಪ್ರತಿಕ್ರಿಯೆಯಾಗಿಯೋ ಎಂಬುದನ್ನು ಎರಡೂ ಪಕ್ಷಗಳು ಪರಿಗಣಿಸಬೇಕು. ನೆರೆಯ ದೇಶವೊಂದು ಮೊದಲು ಪರೀಕ್ಷೆ ನಡೆಸಿ ಭಾರತ ಅದಕ್ಕೆ ಉತ್ತರ ಕೊಟ್ಟರೆ ಎಂಬ ಊಹೆ ಈ ವಾಕ್ಯದ ಹಿಂದಿದೆ, ಹೆಸರು ಹೇಳದೆ. ಆದರೆ ‘ಪರಿಗಣಿಸಬೇಕು’ ಎಂದರೆ ಕಿವಿಗೊಡಬೇಕು ಎಂದಷ್ಟೇ ಅರ್ಥ, ಒಪ್ಪಬೇಕು ಎಂದಲ್ಲ.

2008ರ ಸೆಪ್ಟೆಂಬರ್ 5ರಂದು ಪ್ರಣವ್ ಮುಖರ್ಜಿ ಪುನರುಚ್ಚರಿಸಿದ ಸ್ವಯಂಪ್ರೇರಿತ, ಏಕಪಕ್ಷೀಯ ಪರೀಕ್ಷಾ ತಡೆ ಈ ಒಪ್ಪಂದದ ಭಾಗವಲ್ಲ. 2016ರ ನವೆಂಬರಿನಲ್ಲಿ ಜಪಾನ್ ಜೊತೆ ಆದ ಪರಮಾಣು ಒಪ್ಪಂದದೊಂದಿಗೆ ಸಹಿಯಾದ ಪ್ರತ್ಯೇಕ ಟಿಪ್ಪಣಿಯಲ್ಲಿ ಜಪಾನ್ ಆ ಹೇಳಿಕೆಯನ್ನೇ ಎತ್ತಿಕೊಂಡು, ಅದಕ್ಕೆ ವಿರುದ್ಧ ನಡೆದರೆ ಸಹಕಾರ ನಿಲ್ಲಿಸಬಹುದೆಂಬ ತನ್ನ ಅಭಿಪ್ರಾಯವನ್ನು ದಾಖಲಿಸಿತು. ಭಾರತದ ದೃಷ್ಟಿಯಲ್ಲಿ ಆ ಟಿಪ್ಪಣಿ ಜಪಾನಿನ ಅಭಿಪ್ರಾಯದ ದಾಖಲೆ, ಹೊಸ ಬಾಧ್ಯತೆ ಅಲ್ಲ. ಅಮೆರಿಕದ ಒಪ್ಪಂದದಲ್ಲಿ ಮೌನವಾಗಿ ಉಳಿದ ಅಂಶಕ್ಕೆ ಜಪಾನ್ ಬಾಯಿ ಕೊಟ್ಟಿತು ಎನ್ನಬಹುದು.

ಈ ಒಪ್ಪಂದ ಭಾರತವನ್ನು ಅಣ್ವಸ್ತ್ರ ರಾಷ್ಟ್ರವೆಂದು ಮಾನ್ಯ ಮಾಡಿದೆಯೇ?

ಇಲ್ಲ. ಪರಮಾಣು ಪ್ರಸರಣ ನಿಷೇಧ ಒಪ್ಪಂದದ ಪ್ರಕಾರ 1967ರ ಜನವರಿ 1ಕ್ಕೆ ಮೊದಲು ಸ್ಫೋಟ ನಡೆಸಿದ ದೇಶಗಳಷ್ಟೇ ಅಣ್ವಸ್ತ್ರ ರಾಷ್ಟ್ರಗಳು. ಆ ವ್ಯಾಖ್ಯೆಯನ್ನು ದ್ವಿಪಕ್ಷೀಯ ಒಪ್ಪಂದವೊಂದು ಬದಲಿಸಲಾರದು. ಆದರೆ ಒಪ್ಪಂದವು ಭಾರತದ ಸೇನಾ ಉದ್ದೇಶದ ಪರಮಾಣು ಚಟುವಟಿಕೆಗಳಿಗೆ ಅಡ್ಡಬರದಂತೆ ಜಾರಿಯಾಗಬೇಕೆಂದು 2ನೇ ವಿಧಿಯಲ್ಲಿ ಇದೆ. ಮಾನ್ಯತೆ ಕೊಡದೆ ಇರುವಿಕೆಯನ್ನು ಒಪ್ಪಿಕೊಳ್ಳುವ ಬಗೆ ಇದು.

‘ಸೇಫ್‌ಗಾರ್ಡ್ಸ್’ ಎಂದರೆ ಸ್ಥಾವರದ ಸುರಕ್ಷತೆಯೇ? ನಮ್ಮ ಕೈಗಾ ಇದಕ್ಕೆ ಒಳಪಡುತ್ತದೆಯೇ?

ಕನ್ನಡ ಪತ್ರಿಕೆಗಳು ಇದನ್ನು ‘ಸುರಕ್ಷತಾ ಕ್ರಮ’ ಎಂದು ಅನುವಾದಿಸಿ ಬಹಳ ಜನರನ್ನು ದಾರಿತಪ್ಪಿಸಿವೆ. ಈ ಲೇಖನದಲ್ಲಿ ‘ನಿಗಾ’ ಎಂದಿರುವುದು ಇದನ್ನೇ. ಇದಕ್ಕೂ ಅಪಘಾತ ತಡೆಯುವುದಕ್ಕೂ ಸಂಬಂಧವಿಲ್ಲ. ಇದು ಉಗ್ರಾಣದ ಲೆಕ್ಕ ತಪಾಸಣೆಯಂಥದು: ಎಷ್ಟು ಯುರೇನಿಯಂ ಒಳಗೆ ಹೋಯಿತು, ಎಷ್ಟು ಪ್ಲುಟೋನಿಯಂ ಹುಟ್ಟಿತು, ಯಾವುದೂ ಬಾಂಬಿನ ಕಡೆಗೆ ಜಾರಲಿಲ್ಲವೇ ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ನೋಡುತ್ತಾರೆ. ಇದಕ್ಕೆ ಆಧಾರ ಆ ಸಂಸ್ಥೆಯೊಂದಿಗೆ ಭಾರತ ಮಾಡಿಕೊಂಡ ಪ್ರತ್ಯೇಕ ಒಪ್ಪಂದ. ಸಂಸ್ಥೆಯ ಆಡಳಿತ ಮಂಡಳಿ ಅದನ್ನು 2008ರ ಆಗಸ್ಟ್ 1ರಂದು ಒಪ್ಪಿತು, ಅದು ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. 123 ಒಪ್ಪಂದದ 10ನೇ ವಿಧಿ ಅದರ ಮೇಲೆ ನಿಂತಿದೆ.

ನಾಗರಿಕ ಮತ್ತು ಸೇನಾ ಸ್ಥಾವರಗಳನ್ನು ಬೇರ್ಪಡಿಸಲು 2006ರಲ್ಲಿ ಸಂಸತ್ತಿನಲ್ಲಿ ಮಂಡಿಸಿದ ವಿಂಗಡಣಾ ಯೋಜನೆಯಲ್ಲಿ ಭಾರತ ತನ್ನ 22 ರಿಯಾಕ್ಟರುಗಳ ಪೈಕಿ 14ನ್ನು ನಾಗರಿಕವೆಂದು ಘೋಷಿಸಿ, 2014ರೊಳಗೆ ಹಂತಹಂತವಾಗಿ ನಿಗಾಕ್ಕೆ ಒಪ್ಪಿಸಲು ಮುಂದಾಯಿತು. ತಾರಾಪುರದ ಹಳೆಯ ಎರಡು, ರಾಜಸ್ಥಾನದ ಆರು, ಕೂಡಂಕುಳಂ, ಕಾಕ್ರಾಪಾರ ಮತ್ತು ನರೋರಾದ ತಲಾ ಎರಡು ಆ ಪಟ್ಟಿಯಲ್ಲಿದ್ದವು. ಉತ್ತರ ಕನ್ನಡದ ಕೈಗಾದಲ್ಲಿರುವ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಅದರಲ್ಲಿರಲಿಲ್ಲ. ಅದರ ನೇರ ಕಾನೂನು ಪರಿಣಾಮವೆಂದರೆ, ನಿಗಾದ ಷರತ್ತಿನೊಂದಿಗೆ ಆಮದಾದ ಯುರೇನಿಯಂ ಕೈಗಾದ ಆ ಘಟಕಗಳಿಗೆ ಹೋಗುವಂತಿಲ್ಲ. ಅವು ನಮ್ಮ ನೆಲದ ಯುರೇನಿಯಂನಲ್ಲೇ ನಡೆಯಬೇಕು. 2018ರ ಡಿಸೆಂಬರ್ 31ಕ್ಕೆ ಮುಗಿದ 962 ದಿನಗಳ ನಿರಂತರ ಓಟದ ದಾಖಲೆಯನ್ನು ಕೈಗಾದ ಮೊದಲ ಘಟಕ ಮಾಡಿದ್ದು ದೇಶೀಯ ಇಂಧನದಿಂದಲೇ.

ನಿಗಾ ಶಾಶ್ವತವೇ? ಇಂಧನ ನಿಂತರೆ ಭಾರತ ರಿಯಾಕ್ಟರುಗಳನ್ನು ಹಿಂತೆಗೆದುಕೊಳ್ಳಬಹುದೇ?

ನಿಗಾ ಶಾಶ್ವತವಾಗಿರಲಿ ಎಂಬುದೇ ಒಪ್ಪಂದದ ಆಶಯ. ಅದಕ್ಕೆ ಪ್ರತಿಯಾಗಿ, ವಿದೇಶಿ ಇಂಧನ ನಿಂತರೆ ನಾಗರಿಕ ರಿಯಾಕ್ಟರುಗಳು ನಿಲ್ಲದಂತೆ ಭಾರತ ‘ಸರಿಪಡಿಸುವ ಕ್ರಮ’ ತೆಗೆದುಕೊಳ್ಳಬಹುದು ಎಂಬ ಮಾತು ಅಂತಾರಾಷ್ಟ್ರೀಯ ಸಂಸ್ಥೆಯೊಂದಿಗಿನ ಒಪ್ಪಂದದ ಪೀಠಿಕೆಯಲ್ಲೂ, 123 ಒಪ್ಪಂದದ 5ನೇ ವಿಧಿಯಲ್ಲೂ ಇದೆ. ಆ ಕ್ರಮಗಳು ಯಾವುವು ಎಂದು ಎಲ್ಲೂ ವಿವರಿಸಿಲ್ಲ. ಪೀಠಿಕೆಯು ವಿಧಿಗಳನ್ನು ಅರ್ಥೈಸಲು ನೆರವಾಗುತ್ತದೆ, ತಾನೇ ಹಕ್ಕನ್ನು ಸೃಷ್ಟಿಸುವುದು ಅಪರೂಪ. ಆದ್ದರಿಂದ ನಿಗಾದಿಂದ ಹೊರಬರುವ ಪರವಾನಗಿ ಎಂದು ಇದನ್ನು ಓದುವುದು ದುರ್ಬಲ ವಾದ. ಬೇರೆಡೆಯಿಂದ ಇಂಧನ ತರುವ, ದಾಸ್ತಾನು ಬಳಸುವ ಸ್ವಾತಂತ್ರ್ಯ ಎಂದು ಓದುವುದು ಗಟ್ಟಿಯಾದ ವಾದ.

ಬಳಸಿದ ಇಂಧನವನ್ನು ಪುನರ್‌ಸಂಸ್ಕರಿಸಲು ಅನುಮತಿ ಇದೆಯೇ?

ಇದೆ, ಷರತ್ತಿನ ಮೇಲೆ. ಪುನರ್‌ಸಂಸ್ಕರಣೆ ಎಂದರೆ ಬಳಸಿದ ಇಂಧನದಿಂದ ಪ್ಲುಟೋನಿಯಂ ಮತ್ತು ಉಳಿದ ಯುರೇನಿಯಂ ಬೇರ್ಪಡಿಸುವುದು. ತಾರಾಪುರದ ಬಳಸಿದ ಇಂಧನವನ್ನು ಅಮೆರಿಕ ವಾಪಸ್ ಒಯ್ಯಲೂ ಇಲ್ಲ, ಸಂಸ್ಕರಿಸಲು ಬಿಡಲೂ ಇಲ್ಲ. ಆ ಕಹಿ ಅನುಭವದಿಂದಾಗಿ ಭಾರತ 6ನೇ ವಿಧಿಯಲ್ಲಿ ಮುಂಗಡ ಸಮ್ಮತಿಯನ್ನೇ ಪಡೆಯಿತು. ಅದು ಜೀವ ತಳೆಯಲು ನಿಗಾಕ್ಕೆ ಒಳಪಟ್ಟ ಹೊಸ, ಪ್ರತ್ಯೇಕ ರಾಷ್ಟ್ರೀಯ ಸಂಸ್ಕರಣಾ ಸ್ಥಾವರ ಮತ್ತು ಕಾರ್ಯವಿಧಾನಗಳ ಕುರಿತ ಇನ್ನೊಂದು ಒಪ್ಪಂದ ಬೇಕಿತ್ತು. ಎರಡನೆಯದಕ್ಕೆ 2010ರ ಜುಲೈ 30ರಂದು ಸಹಿಯಾಯಿತು. ಅಸಾಧಾರಣ ಸಂದರ್ಭಗಳಲ್ಲಿ ಸಮ್ಮತಿಯನ್ನು ಅಮಾನತಿನಲ್ಲಿಡುವ ಅವಕಾಶವೂ ಇದೆ.

ಪರಮಾಣು ಪೂರೈಕೆದಾರರ ಗುಂಪಿನ ವಿನಾಯಿತಿ ಒಂದು ಒಡಂಬಡಿಕೆಯೇ?

ಅಲ್ಲ. ಪರಮಾಣು ಸಾಮಗ್ರಿ ರಫ್ತಿಗೆ ನಿಯಮ ರೂಪಿಸುವ ದೇಶಗಳ ಆ ಗುಂಪು ಯಾವ ಒಡಂಬಡಿಕೆಯಿಂದಲೂ ಹುಟ್ಟಿದ್ದಲ್ಲ; ಅದರ ಮಾರ್ಗಸೂಚಿಗಳು ರಾಜಕೀಯ ತಿಳಿವಳಿಕೆ ಮಾತ್ರ, ಅವುಗಳನ್ನು ಪ್ರತಿ ಸದಸ್ಯ ರಾಷ್ಟ್ರ ತನ್ನ ಕಾನೂನಿನ ಮೂಲಕ ಜಾರಿ ಮಾಡುತ್ತದೆ. 2008ರ ಸೆಪ್ಟೆಂಬರ್ 6ರಂದು ವಿಯೆನ್ನಾದಲ್ಲಿ ಸಿಕ್ಕ ವಿನಾಯಿತಿಯ, ಅಂದರೆ ಎಲ್ಲ ಸ್ಥಾವರಗಳೂ ನಿಗಾಕ್ಕೆ ಒಳಪಡದಿದ್ದರೂ ಭಾರತಕ್ಕೆ ಪೂರೈಸಬಹುದೆಂಬ ಒಪ್ಪಿಗೆಯ, ಬೆಲೆ ಕಾನೂನಿಗಿಂತ ಹೆಚ್ಚಾಗಿ ವ್ಯವಹಾರದಲ್ಲಿದೆ. ಅದು ಅಮೆರಿಕಕ್ಕೆ ಸೀಮಿತವಾಗಿರಲಿಲ್ಲವಾದ್ದರಿಂದ ಫ್ರಾನ್ಸ್ ಅದೇ ಸೆಪ್ಟೆಂಬರ್ 30ರಂದು, ಅಮೆರಿಕಕ್ಕಿಂತ ಮೊದಲೇ, ಭಾರತದೊಂದಿಗೆ ಸಹಿ ಹಾಕಿತು. ಕಜಕಸ್ತಾನ, ಕೆನಡಾ, ಆಸ್ಟ್ರೇಲಿಯಾ ಬಳಿಕ ಬಂದವು.

ಒಪ್ಪಂದವನ್ನು ಮುರಿಯುವ ವಿಧಾನ ಏನು? ಮುರಿದ ಮೇಲೆ ಎಲ್ಲವೂ ಮುಗಿಯುತ್ತದೆಯೇ?

ಯಾವ ಪಕ್ಷವಾದರೂ ಕಾರಣ ತಿಳಿಸಿ ಒಂದು ವರ್ಷದ ಲಿಖಿತ ನೋಟಿಸ್ ಕೊಟ್ಟು ಒಪ್ಪಂದವನ್ನು ಕೊನೆಗಾಣಿಸಬಹುದು. ಸಮಾಲೋಚನೆಯಿಂದ ಪರಿಹಾರ ಸಾಧ್ಯವಾಗಲಿಲ್ಲವೆಂದು ತೀರ್ಮಾನಿಸಿದರೆ ವರ್ಷ ತುಂಬುವ ಮೊದಲೇ ಸಹಕಾರವನ್ನು ನಿಲ್ಲಿಸಬಹುದು. ಕೊಟ್ಟ ಸಾಮಗ್ರಿ ಮತ್ತು ಉಪಕರಣಗಳನ್ನು ವಾಪಸ್ ಕೇಳುವ ಹಕ್ಕೂ ಇದೆ. ಕೇಳುವವರು ನ್ಯಾಯವಾದ ಮಾರುಕಟ್ಟೆ ಬೆಲೆಯನ್ನೂ ತೆಗೆಯುವ ವೆಚ್ಚವನ್ನೂ ಕೊಡಬೇಕು, ರಿಯಾಕ್ಟರುಗಳು ಅಡಚಣೆಯಿಲ್ಲದೆ ನಡೆಯುವುದರ ಮಹತ್ವವನ್ನು ಗಮನಿಸಬೇಕು. ವರ್ಷಗಟ್ಟಲೆ ಉರಿದು ವಿಕಿರಣ ಸೂಸುವ ಇಂಧನವನ್ನು ಸಾಗರ ದಾಟಿಸಿ ಒಯ್ಯುವ ಹಕ್ಕನ್ನು ಯಾವ ದೇಶವಾದರೂ ಚಲಾಯಿಸೀತೇ ಎಂಬುದು ಬೇರೆ ಮಾತು.

ಮುರಿದರೂ ಎಲ್ಲವೂ ಮುಗಿಯುವುದಿಲ್ಲ. ಒಪ್ಪಂದದಡಿ ಬಂದ ಸಾಮಗ್ರಿ ದೇಶದೊಳಗೆ ಇರುವ ತನಕ ಪುನರ್‌ಸಂಸ್ಕರಣೆ, ಮರುವರ್ಗಾವಣೆ, ಭೌತಿಕ ರಕ್ಷಣೆ, ಶಾಂತಿಯುತ ಬಳಕೆ, ನಿಗಾ ಮತ್ತು ವಿವಾದ ಇತ್ಯರ್ಥದ ವಿಧಿಗಳು ಬದುಕಿರುತ್ತವೆ.

ವಿವಾದ ಬಂದರೆ ಯಾವ ನ್ಯಾಯಾಲಯ?

ಯಾವುದೂ ಇಲ್ಲ. 15ನೇ ವಿಧಿ ಹೇಳುವುದು ಒಂದೇ: ವಿವಾದವನ್ನು ಬೇಗನೆ ಮಾತುಕತೆಯಿಂದ ಬಗೆಹರಿಸಿಕೊಳ್ಳಬೇಕು.

ಅಪಘಾತವಾದರೆ ಪರಿಹಾರ ಕೊಡುವವರು ಯಾರೆಂದು ಒಪ್ಪಂದ ಹೇಳುತ್ತದೆಯೇ?

ಹೇಳುವುದಿಲ್ಲ, ಅದನ್ನು ದೇಶೀಯ ಕಾನೂನಿಗೆ ಬಿಟ್ಟಿದೆ. ಭೋಪಾಲ್ ದುರಂತದ ಕ್ರಿಮಿನಲ್ ತೀರ್ಪು ಬಂದ 2010ರಲ್ಲೇ ಸಂಸತ್ತು ಮಾಡಿದ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆಯು ಸ್ಥಾವರ ನಡೆಸುವವರ ಹೊಣೆಯನ್ನು 1,500 ಕೋಟಿ ರೂಪಾಯಿಗೆ ಮಿತಿಗೊಳಿಸಿತು. ಜೊತೆಗೆ 17ನೇ ಕಲಮಿನಲ್ಲಿ, ದೋಷಪೂರಿತ ಉಪಕರಣ ಕೊಟ್ಟ ಪೂರೈಕೆದಾರರಿಂದ ಆ ಹಣವನ್ನು ಮರಳಿ ಪಡೆಯುವ ಹಕ್ಕನ್ನೂ ಕೊಟ್ಟಿತು. ಅಮೆರಿಕದ ಕಂಪನಿಗಳು ಹಿಂಜರಿದದ್ದು ಇದಕ್ಕೇ. ಪರಮಾಣು ಹಾನಿಯ ಪೂರಕ ಪರಿಹಾರದ ಸಮಾವೇಶವನ್ನು ಭಾರತ 2016ರ ಫೆಬ್ರವರಿಯಲ್ಲಿ ಅನುಸಮರ್ಥಿಸಿದರೂ ಹಿಂಜರಿಕೆ ಹೋಗಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ, ‘ಶಾಂತಿ’ ಎಂಬ ಹ್ರಸ್ವನಾಮದ ಶಾಸನವು 1962ರ ಅಣುಶಕ್ತಿ ಕಾಯ್ದೆ ಮತ್ತು 2010ರ ಕಾಯ್ದೆ ಎರಡರ ಜಾಗಕ್ಕೂ ಬಂದು, ಪೂರೈಕೆದಾರರ ಮೇಲಿನ ಆ ವಿಶೇಷ ಹಕ್ಕನ್ನು ಕೈಬಿಟ್ಟಿತು. ಇಷ್ಟೆಲ್ಲ ನಡೆದರೂ 123 ಒಪ್ಪಂದದ ಒಂದಕ್ಷರವೂ ಬದಲಾಗಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ.

ಒಬ್ಬ ನಾಗರಿಕ ಅಥವಾ ರಾಜ್ಯ ಸರ್ಕಾರ ಈ ಒಪ್ಪಂದವನ್ನು ಆಧರಿಸಿ ಕೋರ್ಟಿಗೆ ಹೋಗಬಹುದೇ?

ಬರಿಯ ಒಪ್ಪಂದವನ್ನು ಹಿಡಿದುಕೊಂಡು ಹೋಗುವಂತಿಲ್ಲ. ಒಡಂಬಡಿಕೆ ತಾನಾಗಿಯೇ ದೇಶದ ಕಾನೂನಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಸ್ಥಾವರದಿಂದ ಜೀವಕ್ಕೆ, ಪರಿಸರಕ್ಕೆ ಅಪಾಯವಿದೆ ಎಂದಾದರೆ 21ನೇ ವಿಧಿ ಮತ್ತು ಪರಿಸರ ಕಾನೂನುಗಳ ಅಡಿ ನ್ಯಾಯಾಲಯದ ಬಾಗಿಲು ತೆರೆದೇ ಇದೆ. 2013ರ ಮೇ 6ರ ಕೂಡಂಕುಳಂ ತೀರ್ಪು ಬಂದದ್ದು ಆ ದಾರಿಯಲ್ಲೇ. ಅಣುಶಕ್ತಿ ಕೇಂದ್ರಪಟ್ಟಿಯ 6ನೇ ಬಾಬು. ರಾಜ್ಯಗಳಿಗೆ ನೆಲ, ನೀರಿನ ವಿಷಯದಲ್ಲಿ ಮಾತಿದೆ, ಒಪ್ಪಂದದಲ್ಲಿ ಇಲ್ಲ.

ಒಪ್ಪಂದ ಎಷ್ಟು ಕಾಲ ಇರುತ್ತದೆ?

40 ವರ್ಷ, ಅಂದರೆ 2048ರ ಡಿಸೆಂಬರ್ ವರೆಗೆ. ಆಮೇಲೆ ಹತ್ತು ಹತ್ತು ವರ್ಷಗಳಂತೆ ತಾನಾಗಿಯೇ ಮುಂದುವರಿಯುತ್ತದೆ. ಅವಧಿ ಮುಗಿಯುವಾಗ ನಿಲ್ಲಿಸಬೇಕೆಂದಿದ್ದರೆ ಆರು ತಿಂಗಳು ಮೊದಲು ನೋಟಿಸ್ ಕೊಡಬೇಕು.